ಸೋಮವಾರದ ಜಾಕೆಟ್ಟು

ನನ್ನ ದೊಡ್ಡಮ್ಮನಿಗೆ ಕೊಳೆ ಕಂಡರೆ ಆಗುತ್ತಿರಲಿಲ್ಲ. ಜನ ಇದನ್ನು ಗುಣ ಅನ್ನುತ್ತಿದ್ದರು, ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಈಗ ಯಾರಾದರೂ ಅವಳ ಶುಚಿತ್ವದ ಮಾತೆತ್ತಿದರೆ ನನಗೆ ಮೈ ಉರಿಯುತ್ತದೆ. ಲಾರಿ ಬಡಿದು ನನ್ನ ಕಾಲು ಮುರಿದಾಗ, ತಪ್ಪು ನನ್ನದಲ್ಲ ಎಂದು ತೋರಿಸಲು ನನ್ನ ಬಳಿ ಇದ್ದದ್ದು ಒಂದೇ ವಸ್ತು, ಆ ಬೆಳಿಗ್ಗೆ ರಸ್ತೆ ಕೆಲಸಕ್ಕೆ ನಾನು ತೊಟ್ಟಿದ್ದ ಕಿತ್ತಳೆ ಬಣ್ಣದ ಜಾಕೆಟ್ಟು. ಅದನ್ನು ಕಾಪಾಡಿಕೋ ಎಂದು ದೊಡ್ಡಮ್ಮನ ಕೈಗೆ ಕೊಟ್ಟಿದ್ದೆ. ಜಾಕೆಟ್ಟಿನ ವಿಷಯ ಅವಳಷ್ಟು ಬಲ್ಲವರು ಊರಿನಲ್ಲೇ ಇಲ್ಲ ಎಂದು ನಂಬಿದ್ದೆ.

ದೊಡ್ಡಮ್ಮ ಹತ್ತೊಂಬತ್ತನೇ ವಯಸ್ಸಿಗೆ ರಸ್ತೆ ದುರಸ್ತಿ ಡಿಪೋ ಸೇರಿ ಪೊರಕೆ ಹಿಡಿದವಳು. ಹದಿನಾಲ್ಕು ವರ್ಷ ಹೆದ್ದಾರಿಯ ಅಂಚು ಗುಡಿಸಿ ಸೊಂಟ ಹಾಳಾಯಿತು. ಆಗ ಅವಳನ್ನು ಡಿಪೋದ ಹಿಂದಿನ ತಗಡಿನ ಶೆಡ್ಡಿಗೆ ಹಾಕಿದರು. ಅಲ್ಲಿ ಒಂದು ಸಿಮೆಂಟ್ ತೊಟ್ಟಿ, ಎರಡು ನಲ್ಲಿ, ಉದ್ದಕ್ಕೆ ನಾಲ್ಕು ತಂತಿ. ಗುಂಪಿನ ಹೆಂಗಸರಿಗೆ ಜಾಕೆಟ್ಟು ಹಂಚುವುದು, ಒಗೆಯುವುದು, ಹರಿದರೆ ಹೊಲಿಯುವುದು ಅವಳ ಕೆಲಸ. ನನ್ನ ಅಮ್ಮ ಅವಳ ತಂಗಿ. ಅಮ್ಮ ಸತ್ತಾಗ ನನಗೆ ಆರು ವರ್ಷ, ಅಂದಿನಿಂದ ನಾನು ಆ ತೊಟ್ಟಿಯ ಕಟ್ಟೆಯ ಮೇಲೇ ಬೆಳೆದೆ. ಇಪ್ಪತ್ತೆರಡಕ್ಕೆ ನಾನೂ ಅದೇ ಡಿಪೋ ಸೇರಿದೆ. ಒಂದು ಕಡೆ ‘ನಿಲ್ಲಿ’, ಇನ್ನೊಂದು ಕಡೆ ‘ನಿಧಾನ’ ಎಂದು ಬರೆದ ಹಲಗೆ ಹಿಡಿದು ರಸ್ತೆಯ ನಡುವೆ ನಿಲ್ಲುವುದು ನನ್ನ ಉದ್ಯೋಗ. ಒಮ್ಮೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ದೊಡ್ಡಮ್ಮ, “ನಮ್ಮ ಹುಡುಗಿ ಕೈ ಎತ್ತಿದ್ರೆ ಲಾರಿಗಳೇ ನಿಲ್ತವೆ” ಎಂದು ಹೆಮ್ಮೆಯಿಂದ ಹೇಳಿದಳು. ಚಹಾ ಕುಡಿದು ಹೋದವರು ಮತ್ತೆ ಬರಲಿಲ್ಲ.

ಮೈಗೆ ತಕ್ಕ ಜಾಕೆಟ್ಟು ಆಯ್ದು ಕೊಡುವುದನ್ನು ಅವಳು ಒಂದು ವಿದ್ಯೆ ಮಾಡಿಕೊಂಡಿದ್ದಳು. ಡಿಪೋಗೆ ಬರುತ್ತಿದ್ದವೆಲ್ಲ ಗಂಡಸರ ಅಳತೆಯವು. ಭುಜಕ್ಕೆ ಸರಿಯಾದದ್ದು ಸೊಂಟಕ್ಕೆ ಬಿಗಿ, ಸೊಂಟಕ್ಕೆ ಸರಿಯಾದದ್ದರಲ್ಲಿ ಭುಜದ ಹೊಲಿಗೆ ಮೊಣಕೈ ಹತ್ತಿರ ಇಳಿಯುತ್ತಿತ್ತು. ಹೊಸಬಳು ಬಂದರೆ ದೊಡ್ಡಮ್ಮ ಒಂದೊಂದಾಗಿ ತೊಡಿಸಿ “ಬಗ್ಗು” ಅನ್ನುವಳು, ಆಮೇಲೆ “ಎರಡೂ ಕೈ ಮೇಲೆತ್ತು”, ಆಮೇಲೆ “ಕುಕ್ಕರಗಾಲಲ್ಲಿ ಕೂತು ಏಳು”. ಬಗ್ಗಿದಾಗ ಬೆನ್ನು ಕಂಡರೆ ಆಗದು, ಕೈ ಎತ್ತಿದಾಗ ಜಾಕೆಟ್ಟಿನ ಸೊಂಟದಲ್ಲಿರುವ, ದೀಪ ಬಿದ್ದರೆ ಹೊಳೆಯುವ ಬೆಳ್ಳಿ ಬಣ್ಣದ ಪಟ್ಟಿ ಎದೆಗೆ ಏರಿದರೆ ಆಗದು. ತೋಳು ಉದ್ದವಾದರೆ ಮಡಚಲು ಬಿಡುತ್ತಿರಲಿಲ್ಲ. ಮಡಚಿದರೆ ಪಟ್ಟಿ ಒಳಗೆ ಅಡಗುತ್ತದೆಂದು ತಾನೇ ಒಳಮಡಿಕೆ ಹಾಕಿ ಹೊಲಿಯುತ್ತಿದ್ದಳು, ಪಟ್ಟಿಗೆ ಸೂಜಿ ತಾಗದ ಹಾಗೆ. ಜಿಪ್ಪಿಗಿಂತ, ಒತ್ತಿದರೆ ಅಂಟಿ ಎಳೆದರೆ ಬಿಡುವ ಅಂಟುಪಟ್ಟಿ ಮೇಲು ಅನ್ನುತ್ತಿದ್ದಳು. ಗಾಡಿಯ ಕೊಕ್ಕೆಗೆ ಸಿಕ್ಕಿಕೊಂಡರೆ ಜಾಕೆಟ್ಟು ಬಿಚ್ಚಿಕೊಂಡು ಹೋಗಬೇಕು, ಒಳಗಿನ ಹೆಂಗಸನ್ನು ಎಳೆದುಕೊಂಡು ಹೋಗಬಾರದು. ಬಸುರಿಯರಿಗೆ ಎರಡು ಹಳೇ ಜಾಕೆಟ್ಟುಗಳ ಪಕ್ಕ ಬಿಚ್ಚಿ ಒಂದು ಮಾಡಿ ಕೊಡುತ್ತಿದ್ದಳು. ಇಷ್ಟೆಲ್ಲ ಬುದ್ಧಿ ಇದ್ದವಳು. ಅದಕ್ಕೇ ನನಗೆ ಅವಳ ಮೇಲೆ ಇಷ್ಟು ಸಿಟ್ಟು.

ಹೆಂಗಸರ ಅಳತೆಯ ಜಾಕೆಟ್ಟು ತರಿಸಿ ಎಂದು ಅವಳು ಮೂರು ಸಲ ಅರ್ಜಿ ಕೊಟ್ಟಿದ್ದಳು. ಅವಳಿಗೆ ಓದುಬರಹ ಇರಲಿಲ್ಲ. ಅವಳು ಹೇಳಿದ್ದನ್ನು ನಾನು ಬರೆದೆ, ಕೆಳಗೆ ಅವಳು ಹೆಬ್ಬೆಟ್ಟು ಒತ್ತಿದಳು. ನಮ್ಮ ಮೇಲ್ವಿಚಾರಕನಿಗೆ ನಾವು ಇಟ್ಟ ಹೆಸರು ಇಸ್ತ್ರಿ. ಟಾರು ಕಾಯಿಸುವ ಜಾಗದಲ್ಲೂ ಅವನ ಅಂಗಿಯ ಗೆರೆ ಮುರಿಯುತ್ತಿರಲಿಲ್ಲ. ಮೂರನೇ ಅರ್ಜಿಯನ್ನು ಅವನು ಅವಳೆದುರಿಗೇ ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮೇಜಿನ ಕಾಲಡಿಗೆ ಇಟ್ಟ.

“ಜಾಕೆಟ್ಟಲ್ಲಿ ಗಂಡು ಹೆಣ್ಣು ಏನಮ್ಮ? ಇರೋದನ್ನೇ ಚೊಕ್ಕವಾಗಿ ಇಟ್ಕೊಳ್ಳಿ, ಸಾಕು.”

ಚೊಕ್ಕ ಎಂದರೆ ಅವನಿಗೆ ಪ್ರಾಣ. ಪ್ರತಿ ಸೋಮವಾರ ಬೆಳಿಗ್ಗೆ ಹೆಂಗಸರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಜಾಕೆಟ್ಟು ನೋಡುತ್ತಿದ್ದ. ಕಲೆ ಇದ್ದವಳನ್ನು ಸಾಲಿನಿಂದ ಆಚೆ ಕರೆದು ಎಲ್ಲರೆದುರು ಒಂದು ಸುತ್ತು ತಿರುಗಿಸುತ್ತಿದ್ದ. ಗಂಡಸರು ಡಾಂಬರು ಮೆತ್ತಿದ ಅಂಗಿಯಲ್ಲಿ ನಿಂತು ನಗುವರು, ಅವರಿಗೆ ಈ ತಪಾಸಣೆ ಇರಲಿಲ್ಲ. ದೊಡ್ಡಮ್ಮ ಆ ಶೆಡ್ಡಿಗೆ ಬಂದ ಮೇಲೆ ನಮ್ಮಲ್ಲಿ ಒಬ್ಬಳೂ ಹಾಗೆ ಸುತ್ತು ತಿರುಗಲಿಲ್ಲ. ವಾರಕ್ಕೊಮ್ಮೆ ಎಲ್ಲ ಜಾಕೆಟ್ಟೂ ಕುದಿವ ನೀರಿಗೆ ಬೀಳುತ್ತಿದ್ದವು. ಬಿಳುಪಿನ ಪುಡಿ, ಗಟ್ಟಿ ಬ್ರಷ್ಷು, ಕೊನೆಗೆ ಬಟ್ಟೆ ಮೆತ್ತಗಾಗುವ ಘಮಘಮ ದ್ರಾವಣ. ಮೂರನೇ ತಂತಿಯ ಮೇಲೆ ರಣಬಿಸಿಲಿಗೆ ಒಣಗಿ, ಭಾನುವಾರ ಸಂಜೆ ಅವಕ್ಕೆ ಇಸ್ತ್ರಿ ಪೆಟ್ಟಿಗೆ. ಬೆಳ್ಳಿ ಪಟ್ಟಿಯ ಮೇಲೆ ಎರಡು ಸಲ ಎಳೆಯುತ್ತಿದ್ದಳು, ಅಲ್ಲಿ ಒಂದು ಸುಕ್ಕೂ ಇರಬಾರದು. ಸೋಮವಾರ ನಾವು ಸಾಲಾಗಿ ನಿಂತರೆ ನೋಡುವುದಕ್ಕೆ ಚೆಂದವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಉಪಕಾರವನ್ನೂ ಅವಳು ಮಾಡುತ್ತಿದ್ದಳು. ಹೊಸ ಜಾಕೆಟ್ಟಿನ ಕುತ್ತಿಗೆಯ ಹಿಂದೆ ಒಂದು ಗಟ್ಟಿ ಚೀಟಿ ಇರುತ್ತಿತ್ತು. ಬೆವರಿಗೆ ಅದು ಚುಚ್ಚುತ್ತಿತ್ತು, ಕೆರೆದು ಕೆರೆದು ಕುತ್ತಿಗೆ ಕೆಂಪಾಗುತ್ತಿತ್ತು. ದೊಡ್ಡಮ್ಮ ಸಣ್ಣ ಕತ್ತರಿಯಿಂದ ಹೊಲಿಗೆ ಕೆಡದ ಹಾಗೆ ಅದನ್ನು ಬಿಡಿಸಿ ತೆಗೆಯುತ್ತಿದ್ದಳು. ಒಳ್ಳೆ ಬಟ್ಟೆಯ ಚೂರು, ಎಸೆಯಲು ಮನಸ್ಸು ಬಾರದೆ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. “ಈಗ ಹೆಂಗಿದೆ? ಚುಚ್ಚಲ್ಲ ತಾನೆ?” ಎಂದು ಕೇಳುವಾಗ ಅವಳ ಮುಖ ಅರಳುತ್ತಿತ್ತು.

ಅಪಘಾತವಾದದ್ದು ಒಂದು ಬುಧವಾರ ಬೆಳಿಗ್ಗೆ. ಮಂಜು ದಟ್ಟವಾಗಿ ಬಿದ್ದಿತ್ತು, ನನ್ನ ಹಲಗೆಯ ಅಕ್ಷರ ನನಗೇ ಕಾಣುತ್ತಿರಲಿಲ್ಲ. ಕೆಲಸ ನಿಲ್ಲಿಸೋಣವೇ ಎಂದು ಕೇಳಿದ್ದಕ್ಕೆ ಇಸ್ತ್ರಿ, “ಮೈಮೇಲೆ ಜಾಕೆಟ್ಟಿದೆಯಲ್ಲ, ಇನ್ಯಾಕೆ ಇರೋದದು?” ಅಂದಿದ್ದ. ಲಾರಿಯ ದೀಪ ಎರಡು ಹಳದಿ ಚುಕ್ಕೆಗಳಾಗಿ ಕಂಡಿತು, ನಾನು ಹಲಗೆ ಎತ್ತಿದೆ, ದೀಪಗಳು ನಿಧಾನಿಸಲಿಲ್ಲ. ಲಾರಿಯ ಪಕ್ಕದ ಕನ್ನಡಿ ನನ್ನ ಭುಜಕ್ಕೆ ಬಡಿಯಿತು, ಬಿದ್ದೆ, ಹಿಂದಿನ ಚಕ್ರ ಎಡಗಾಲಿನ ಮೇಲೆ ಹಾದು ಹೋಯಿತು. ಲಾರಿಯವನು ಇಳಿದು ಓಡಿ ಬಂದು ಅಳುತ್ತಾ ಒಂದೇ ಮಾತು ಹೇಳುತ್ತಿದ್ದ, ಕಾಣಲಿಲ್ಲ, ಏನೂ ಕಾಣಲಿಲ್ಲ ಎಂದು.

ಆ ಮಾತು ಇಸ್ತ್ರಿಗೆ ಅನುಕೂಲವಾಯಿತು. ಮೂರೇ ದಿನದಲ್ಲಿ ಡಿಪೋದಿಂದ ಕಾಗದ ಬಂತು. ಲಾರಿ ಚಾಲಕನಿಗೆ ಜಾಕೆಟ್ಟು ಕಂಡಿಲ್ಲ, ಆದ್ದರಿಂದ ನಾನು ಅದನ್ನು ತೊಟ್ಟಿರಲಿಲ್ಲ, ಸೆಕೆಯೆಂದು ಬಿಚ್ಚಿ ಗಾಡಿಯಲ್ಲಿ ಇಟ್ಟಿರಬೇಕು ಎಂದು ಬರೆದು, ವಿಚಾರಣೆಗೆ ಒಂದು ಸೋಮವಾರ ಗೊತ್ತು ಮಾಡಿದ್ದರು. ಮಂಜು ಬೀಳುವ ಬೆಳಿಗ್ಗೆ ಸೆಕೆಯಂತೆ. ತೊಟ್ಟಿರಲಿಲ್ಲವೆಂದು ತೀರ್ಮಾನವಾದರೆ ಕೆಲಸ ಹೋಗುತ್ತದೆ, ಇನ್ನೆಲ್ಲೂ ರಸ್ತೆ ಕೆಲಸ ಸಿಗದಂತೆ ದಾಖಲೆಯಲ್ಲಿ ಅಜಾಗರೂಕಳು ಎಂದು ಸೇರುತ್ತದೆ. ಬಿದ್ದ ನನ್ನನ್ನು ಎತ್ತಿಕೊಂಡ ಪೊರಕೆ ಕೆಲಸದ ಹೆಂಗಸು ನಾನು ತೊಟ್ಟಿದ್ದೆ ಎಂದು ಹೇಳಿದಳು. “ಗೆಳತಿ ಪರವಾಗಿ ಹೇಳ್ದೆ ಇರ್ತೀಯಾ” ಎಂದು ಅವಳ ಬಾಯಿ ಮುಚ್ಚಿಸಿದರು. ಆಸ್ಪತ್ರೆಯ ದಾಖಲೆಯಲ್ಲಿ ‘ಬಟ್ಟೆಗಳನ್ನು ಸಂಬಂಧಿಕರಿಗೆ ಕೊಡಲಾಗಿದೆ’ ಎಂದಷ್ಟೇ ಇತ್ತು, ಯಾವ ಬಟ್ಟೆ ಎಂದು ಯಾರೂ ಬರೆದಿರಲಿಲ್ಲ. ಉಳಿದದ್ದು ಜಾಕೆಟ್ಟು. ಬಲಭುಜದಿಂದ ಬೆನ್ನಿನ ಅರ್ಧದವರೆಗೆ ಲಾರಿ ಕನ್ನಡಿಯ ಕಪ್ಪು ಗೀರು, ಪಕ್ಕದಲ್ಲಿ ನನ್ನ ರಕ್ತ, ಬೆನ್ನ ತುಂಬ ರಸ್ತೆಯ ಕೆಸರು. ತೊಡದ ಜಾಕೆಟ್ಟಿಗೆ ಇವು ಹೇಗೆ ಬಂದವು ಎಂದು ಒಂದೇ ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ರೈಲು ಹಳಿ ಕೆಲಸದವಳೊಬ್ಬಳು ಕೈ ಮುರಿದುಕೊಂಡು ಮಲಗಿದ್ದಳು. ಮಾತಿನ ಮಲ್ಲಿ, ಆದರೆ ಕೆಲಸ ಬಲ್ಲವಳು. ಐದನೇ ದಿನ ದೊಡ್ಡಮ್ಮ ಜಾಕೆಟ್ಟನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ನನಗೆ ತೋರಿಸುತ್ತಿದ್ದಾಗ ಅವಳು, “ಇದನ್ನ ಹೆಂಗೆ ಒಗೀತಿದ್ರಿ?” ಎಂದು ಕೇಳಿದಳು. ದೊಡ್ಡಮ್ಮ ಉತ್ಸಾಹದಿಂದ ಎಲ್ಲ ಹೇಳಿದಳು. ಕುದಿವ ನೀರು, ಪುಡಿ, ಬ್ರಷ್ಷು, ಘಮಘಮ ದ್ರಾವಣ, ಇಸ್ತ್ರಿ ಪೆಟ್ಟಿಗೆ, ಒಂದನ್ನೂ ಬಿಡಲಿಲ್ಲ. ಹಳಿಯವಳು ನರ್ಸಿನ ಹತ್ತಿರ ಪುಟ್ಟ ಟಾರ್ಚು ಕೇಳಿ ತೆಗೆದುಕೊಂಡಳು. ಕಿಟಕಿಯ ಪರದೆ ಎಳೆಸಿದಳು. ಟಾರ್ಚನ್ನು ತನ್ನ ಕಣ್ಣಿನ ಪಕ್ಕಕ್ಕೆ ಹಿಡಿದು, ಗೋಡೆಯ ಮೊಳೆಗೆ ತೂಗುಹಾಕಿದ್ದ ತನ್ನ ಕೊಳಕು ಜಾಕೆಟ್ಟಿನ ಮೇಲೆ ಬಿಟ್ಟಳು. ಪಟ್ಟಿಗಳು ಭಗ್ಗನೆ ಹೊಳೆದವು, ನಾನು ಕಣ್ಣು ಕಿರಿದು ಮಾಡಿಕೊಂಡೆ. ಆಮೇಲೆ ನನ್ನದರ ಮೇಲೆ ಬಿಟ್ಟಳು. ಬೂದಿ ಬಣ್ಣದ ಬಟ್ಟೆ, ಅಷ್ಟೆ. ಏನೂ ಹೊಳೆಯಲಿಲ್ಲ.

“ಪಟ್ಟಿ ಸತ್ತೋಗಿದೆ ಅಕ್ಕ” ಅಂದಳು ಹಳಿಯವಳು. “ಲಾರಿಯವನು ಸುಳ್ಳು ಹೇಳಿಲ್ಲ. ಚೀಟಿ ನೋಡ್ಲಿಲ್ವಾ ನೀವು?”

ಮರುದಿನ ದೊಡ್ಡಮ್ಮ ಬಿಸ್ಕತ್ತಿನ ಡಬ್ಬಿಯನ್ನೇ ತಂದಳು. ನನ್ನ ಹಾಸಿಗೆಯ ಮೇಲೆ ಚೀಟಿಗಳನ್ನು ಸುರಿದು ಮೂವರೂ ನೋಡಿದೆವು. ಒಂದು ಬೋಗುಣಿ, ಅದರಲ್ಲಿ ಒಂದು ಕೈ. ಒಂದು ಇಸ್ತ್ರಿ ಪೆಟ್ಟಿಗೆ, ಅದರ ಮೇಲೆ ಅಡ್ಡ ಗೆರೆ. ಒಂದು ತ್ರಿಕೋನ, ಅಂದರೆ ಬಿಳುಪಿನ ಪುಡಿ, ಅದಕ್ಕೂ ಅಡ್ಡ ಗೆರೆ. ಪಕ್ಕದಲ್ಲಿ ಇಪ್ಪತ್ತೈದು ಎಂಬ ಅಂಕಿ. ಅಷ್ಟು ಸಲ ಒಗೆದ ಮೇಲೆ ಜಾಕೆಟ್ಟು ಬದಲಿಸಬೇಕು ಎಂದು ಅದರ ಅರ್ಥವಂತೆ. ನನ್ನದಕ್ಕೆ ಮೂರು ವರ್ಷವಾಗಿತ್ತು. ಹಳಿಯವಳು ನಿಧಾನವಾಗಿ ಹೇಳಿಕೊಟ್ಟಳು: ತಣ್ಣೀರು, ಮೆದು ಸೋಪು, ಒಳಗಿನದು ಹೊರಗೆ ಮಾಡಿ ಕೈಯಲ್ಲೇ ಅಲುಗಿಸಬೇಕು, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು. ಅವರಲ್ಲಿ ಪ್ರತಿ ಒಗೆತಕ್ಕೂ ಚೀಟಿಯ ಮೇಲೆ ಪೆನ್ನಿನಿಂದ ಒಂದು ಗೀಟು ಹಾಕುತ್ತಾರೆ.

“ಓದು ಬರ್ದೆ ಇರೋರಿಗೆ ಅಂತಾನೇ ಚಿತ್ರ ಹಾಕಿರ್ತಾರೆ ಅಕ್ಕ” ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ದೊಡ್ಡಮ್ಮ ಚೀಟಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು. ಅವಳ ಕೈ ಬೆರಳುಗಳು ಸದಾ ಸೋಪಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಆಗ ನನಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಕರುಣೆ ಬಂತು, ಅವಳ ಕೈ ಹಿಡಿದುಕೊಂಡೆ.

“ಆದದ್ದು ಆಯ್ತು ದೊಡ್ಡಮ್ಮ. ಸೋಮವಾರ ವಿಚಾರಣೆಗೆ ನೀನೇ ಹೋಗ್ಬೇಕು, ನಂಗಂತೂ ಏಳೋಕಾಗಲ್ಲ. ಈ ಜಾಕೆಟ್ಟನ್ನ ಅವರ ಮೇಜಿನ ಮೇಲೆ ಹಾಕು. ಗೀರು ತೋರ್ಸು, ರಕ್ತ ತೋರ್ಸು, ಕೆಸರು ತೋರ್ಸು. ಟಾರ್ಚು ಬಿಟ್ಟು ನೋಡಿ ಅನ್ನು, ಪಟ್ಟಿ ಸತ್ತಿದ್ದಕ್ಕೇ ಲಾರಿಯವನಿಗೆ ಕಾಣ್ಲಿಲ್ಲ ಅಂತ ಗೊತ್ತಾಗ್ಲಿ. ಅಲ್ಲೀವರೆಗೂ ಹೆಂಗಿದೆಯೋ ಹಂಗೇ ಇರ್ಲಿ, ಮುಟ್ಬೇಡ.”

“ಮುಟ್ಟಲ್ಲ” ಅಂದಳು. ಅದನ್ನು ಮೂರು ಸಲ ಹೇಳಿಸಿದೆ, ಮೂರು ಸಲವೂ ಹೇಳಿದಳು.

ಸೋಮವಾರ ಮಧ್ಯಾಹ್ನ ಅವಳು ವಾರ್ಡಿಗೆ ಬಂದಾಗ ಬಾಗಿಲಿನಿಂದಲೇ ಮುಖ ಬೆಳಗುತ್ತಿತ್ತು. ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಚೀಲವನ್ನು ಎದೆಗವಚಿಕೊಂಡು ಬಂದಳು. ಗೆದ್ದೆವು ಎಂದುಕೊಂಡೆ. ದಿಂಬಿಗೆ ಒರಗಿ ಎದ್ದು ಕೂತೆ.

“ದೊಡ್ಡ ಅಧಿಕಾರಿ ಬಂದಿದ್ರು ಕಣೇ. ಇಸ್ತ್ರಿನೂ ಇದ್ದ. ಉದ್ದ ಗಾಜಿನ ಮೇಜು, ನಂಗೂ ಕುರ್ಚಿ ಕೊಟ್ರು. ಜಾಕೆಟ್ಟನ್ನ ಅವರು ಕೈಯಾರೆ ತಗೊಂಡು ತಿರುಗಿಸಿ ಮುರುಗಿಸಿ ನೋಡಿದ್ರು. ‘ಎಷ್ಟು ಚೊಕ್ಕವಾಗಿ ಇಟ್ಕೊಂಡಿದೀರಮ್ಮ, ಹೊಸದರ ಥರಾನೇ ಇದೆ’ ಅಂದ್ರು. ಇಸ್ತ್ರಿನೂ ಹೂಂ ಹೂಂ ಅಂತ ತಲೆ ಆಡಿಸ್ದ.”

ನಾನು ಚೀಲದ ಕಡೆ ನೋಡಿದೆ. “ಚೊಕ್ಕವಾಗಿ ಅಂದ್ರೆ?”

“ಒಗೆದೆ” ಅಂದಳು. “ನಿನ್ನೆ. ಈ ಸಲ ಸರಿಯಾಗೇ ಒಗೆದೆ ಕಣೇ. ತಣ್ಣೀರಲ್ಲಿ, ಒಳಗಿನದು ಹೊರಗೆ ಮಾಡಿ. ಹಿಂಡ್ಲಿಲ್ಲ. ನೆರಳಲ್ಲೇ ಹಾಕ್ದೆ. ಆ ಕಪ್ಪು ಗೀರು ಹೋಗ್ತಾ ಇರ್ಲಿಲ್ಲ, ಹತ್ತಿಗೆ ಒಂದು ಹನಿ ಸೀಮೆಎಣ್ಣೆ ಹಾಕಿ ತೆಗೆದೆ, ಪಟ್ಟಿಗೆ ತಾಗ್ಲಿಲ್ಲ. ನಿನ್ನ ರಕ್ತ ಕಣೇ ಅದು. ಅದನ್ನ ಆ ಗಂಡಸರು ಕೈಯಿಂದ ಕೈಗೆ ದಾಟಿಸ್ತಾರಲ್ಲ ಅಂತ ನೆನೆಸ್ಕೊಂಡ್ರೆ ನಂಗೆ ಆಗ್ಲಿಲ್ಲ. ಅದೂ ಸೋಮವಾರ. ಇಷ್ಟು ವರ್ಷದಲ್ಲಿ ನಮ್ಮೋರಲ್ಲಿ ಯಾರೂ ಸೋಮವಾರ ಆ ಮನುಷ್ಯನ ಮುಂದೆ ಕೊಳೆ ಬಟ್ಟೇಲಿ ನಿಂತಿಲ್ಲ.”

“ಟಾರ್ಚು?”

“ಹೇಳ್ದೆ. ‘ಕಣ್ಣಿಗೇ ಕಾಣ್ತಿದೆಯಲ್ಲಮ್ಮ, ಟಾರ್ಚು ಯಾಕೆ’ ಅಂತ ನಕ್ರು.”

ಪಕ್ಕದ ಹಾಸಿಗೆಯ ಹಳಿಯವಳು ಗೋಡೆಯ ಕಡೆ ತಿರುಗಿ ಮಲಗಿದಳು. ದೊಡ್ಡಮ್ಮ ಜಾಕೆಟ್ಟನ್ನು ಚೀಲದಿಂದ ತೆಗೆದು ನನ್ನ ಕಾಲ ಬಳಿ ಹರವಿದಳು. ಅಂಥ ಒಗೆತವನ್ನು ನಾನು ಕಂಡಿರಲಿಲ್ಲ. ಕಿತ್ತಳೆ ಬಣ್ಣ ಮೊದಲ ದಿನದ ಹಾಗೇ ಇತ್ತು. ಗೀರು ಇಲ್ಲ, ರಕ್ತ ಇಲ್ಲ, ನಾನು ಆ ರಸ್ತೆಯಲ್ಲಿ ಬಿದ್ದಿದ್ದೆ ಎಂಬುದರ ಒಂದು ಚುಕ್ಕೆಯೂ ಇಲ್ಲ. ನನಗೆ ಕಿರುಚಬೇಕು ಅನ್ನಿಸಿತು. ಅವಳು ಮಗುವಿನ ತಲೆ ಸವರುವ ಹಾಗೆ ಆ ಬಟ್ಟೆಯನ್ನು ಸವರುತ್ತಾ, “ಚೆನ್ನಾಗಿದೆ ತಾನೆ?” ಎಂದು ಕೇಳಿದಳು. “ಚೆನ್ನಾಗಿದೆ” ಅಂದೆ.

ಅಂದೇ ಹೇಳಿಬಿಟ್ಟಿದ್ದರೆ ಜಗಳ ಆಗುತ್ತಿತ್ತು, ಅತ್ತು ಮುಗಿಯುತ್ತಿತ್ತು. ಹೇಳಲಿಲ್ಲ. ಸಿಟ್ಟನ್ನು ನುಂಗಿಕೊಂಡೆ, ಅದು ಒಳಗೇ ಕೂತು ಬೆಳೆಯಿತು. ಅವಳು ದಿನಾ ಬಸ್ಸಿನಲ್ಲಿ ಬಂದು ನನ್ನ ಮೈ ಒರೆಸುವಾಗ, ಬೆಡ್‌ಪ್ಯಾನ್ ತೊಳೆಯುವಾಗ, ಈ ತೊಳೆಯುವ ಕೈಗಳೇ ನನ್ನನ್ನು ಮುಗಿಸಿದವು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಮೂರು ವಾರದ ಮೇಲೆ ಮನೆಗೆ ಬಂದೆ. ಒಂದು ಕೋಣೆ, ಒಂದು ಅಡುಗೆ ಮೂಲೆ, ಬಾಗಿಲ ಹಿಂದೆ ಮೊಳೆ. ಆ ಮೊಳೆಯಲ್ಲಿ ಜಾಕೆಟ್ಟು ತೂಗುತ್ತಿತ್ತು. ಮತ್ತೆ ಎಂಟು ದಿನಕ್ಕೆ ಕಾಗದ ಬಂತು. ದೊಡ್ಡಮ್ಮ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಮಂಚದ ತುದಿಯಲ್ಲಿ ಕೂತಳು. “ಓದೇ. ಅವರು ಅಷ್ಟು ಹೊಗಳಿದ್ರಲ್ಲ, ಒಳ್ಳೇದೇ ಬರ್ದಿರ್ತಾರೆ.”

ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದೆ. ಅವಳಿಗೆ ಒಂದಕ್ಷರ ಗೊತ್ತಿಲ್ಲ. ಆ ಕಾಗದದಲ್ಲಿ ನಾನು ಏನು ಓದಿದರೂ ಅದೇ ಇರುತ್ತಿತ್ತು. ತಪ್ಪು ಡಿಪೋದ್ದು ಎಂದು ಓದಬಹುದಿತ್ತು. ಮುರಿದ ಕಾಲಿನ ಕಾರಣಕ್ಕೆ ಕೆಲಸದಿಂದ ಬಿಡಿಸಿದ್ದಾರೆ ಎಂದು ಓದಬಹುದಿತ್ತು, ಅವಳು ನಂಬುತ್ತಿದ್ದಳು. ನನ್ನ ಆರನೇ ವಯಸ್ಸಿನಿಂದ ನಾನು ಹೇಳಿದ್ದನ್ನೆಲ್ಲ ನಂಬಿದವಳು. ನಾನು ಇದ್ದದ್ದನ್ನು ಇದ್ದ ಹಾಗೆ, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಓದಿದೆ.

“ಹಾಜರುಪಡಿಸಿದ ಜಾಕೆಟ್ಟು ಅತ್ಯಂತ ಶುಚಿಯಾಗಿದ್ದು, ಅದರ ಮೇಲೆ ಅಪಘಾತದ ಯಾವುದೇ ಗುರುತು ಇರುವುದಿಲ್ಲ. ಆದ್ದರಿಂದ ಘಟನೆಯ ವೇಳೆ ಕೆಲಸಗಾರ್ತಿಯು ಅದನ್ನು ಧರಿಸಿರಲಿಲ್ಲವೆಂದು ತೀರ್ಮಾನಿಸಿ, ಸ್ವಂತ ಅಜಾಗರೂಕತೆಯ ಕಾರಣಕ್ಕೆ ಆಕೆಯನ್ನು ಕೆಲಸದಿಂದ ತೆಗೆದುಹಾಕಲಾಗಿದೆ.”

ದೊಡ್ಡಮ್ಮ ಬಾಗಿಲ ಹಿಂದಿನ ಮೊಳೆಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು.

“ಶುಚಿ ಅಂತ ಬರೆದಿದೆಯಾ? ಆ ಮಾತು ಅಲ್ಲೇ ಇದೆಯಾ?”

“ಇದೆ.”

“ಇನ್ನೊಂದ್ಸಲ ಓದು.”

ಓದಿದೆ. ಮೊದಲ ಸಲಕ್ಕಿಂತ ನಿಧಾನವಾಗಿ ಓದಿದೆ. ಅವಳ ಮುಖ ನೋಡುತ್ತಲೇ ಓದಿದೆ.

ಅವಳು ಎದ್ದು ಚಹಾ ಮಾಡಿದಳು, ನನಗೆ ತಂದುಕೊಟ್ಟಳು, ತಾನು ಕುಡಿಯಲಿಲ್ಲ. ಮರುದಿನ ಡಿಪೋಗೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಯಾರೋ ಬಂದು ಶೆಡ್ಡಿನ ಬೀಗದ ಕೈ ತೆಗೆದುಕೊಂಡು ಹೋದರು. ಆ ಮೇಲೆ ನಾಲ್ಕು ವರ್ಷ ಬದುಕಿದಳು. ಅಡುಗೆ ಮಾಡಿದಳು, ಮನೆ ಗುಡಿಸಿದಳು, ನನ್ನ ಕಾಲಿಗೆ ಎಣ್ಣೆ ತಿಕ್ಕಿದಳು, ಬಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. ಕೊಳೆ ಕಂಡರೆ ಆಗದ ಹೆಂಗಸು ತನ್ನ ಸೆರಗಿನ ಕಲೆಯನ್ನು ವಾರಗಟ್ಟಲೆ ಹಾಗೇ ಬಿಟ್ಟುಕೊಂಡು ಓಡಾಡುತ್ತಿದ್ದಳು. ಅವಳ ಬಟ್ಟೆಯನ್ನು ನಾನು ಒಗೆದೆ, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು. ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳು ನನ್ನನ್ನು ಕ್ಷಮಿಸು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅವಳು ಮಾಡಿದ್ದು ಗೊತ್ತಿಲ್ಲದೆ. ನಾನು ಎರಡು ಸಲ ಓದಿದ್ದು ಗೊತ್ತಿದ್ದೇ.